ಮೂವತ್ತು ದಾಟಿದವರ ಊಟ ಮತ್ತು ಓಡಾಟ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಂಘದವರು ಫೋನ್ ಮಾಡಿ, "ಮೇಡಂ, ಆರೋಗ್ಯದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು, ಆದರೆ ಊಟದ ಹೊತ್ತಿಗೆ ಮುಗಿಸಬೇಕು" ಎಂದರು. ಹೋಳಿಗೆ ಬೇಯುವ ವಾಸನೆ ಇಲ್ಲಿಯವರೆಗೂ ಬರುತ್ತಿರುವಾಗ ಊಟದ ಮೇಲೆ ಹಿಡಿತವಿರಲಿ ಎನ್ನುವವಳ ಮಾತು ಯಾರಿಗೆ ರುಚಿಸೀತು? ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಇವತ್ತಿನ ಹಬ್ಬದೂಟಕ್ಕೆ ನನ್ನ ತಕರಾರಿಲ್ಲ, ನಾನೂ ಉಣ್ಣುತ್ತೇನೆ. ನಾನು ಹೇಳಬೇಕಾಗಿರುವುದು ವರ್ಷದ ಉಳಿದ ದಿನಗಳ ಊಟದ ವಿಚಾರ, ಆ ಊಟ ಅರಗಿಸುವಷ್ಟು ನಾವು ಮೈ ಬಗ್ಗಿಸುತ್ತೇವೆಯೇ ಎನ್ನುವ ವಿಚಾರ.

ನಾನು ಈ ಶಾಲೆಯಿಂದ 1988ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವಳು. ನಮ್ಮ ತರಗತಿಯಲ್ಲಿ ನಲವತ್ತೆರಡು ಜನ ಇದ್ದೆವು. ಈ ಸಂಭ್ರಮಕ್ಕೆ ಎಲ್ಲರನ್ನೂ ಕರೆಯೋಣ ಎಂದು ಕಳೆದ ತಿಂಗಳು ಹಾಜರಿ ಪುಸ್ತಕದ ಹೆಸರು ಹಿಡಿದು ಒಬ್ಬೊಬ್ಬರನ್ನೇ ಹುಡುಕಿದೆವು. ಆರು ಜನ ಈಗ ನಮ್ಮೊಂದಿಗಿಲ್ಲ. ಒಬ್ಬ ಅಪಘಾತದಲ್ಲಿ ಹೋದ, ಒಬ್ಬಳು ಕ್ಯಾನ್ಸರ್‌ನಲ್ಲಿ ಹೋದಳು. ಉಳಿದ ನಾಲ್ಕು ಜನ ಹೃದಯಾಘಾತ ಮತ್ತು ಲಕ್ವದಿಂದ ಹೋದವರು. ನಾಲ್ವರೂ ಐವತ್ತೈದು ಮುಟ್ಟಿರಲಿಲ್ಲ. ಇಬ್ಬರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಆಸ್ಪತ್ರೆಗೆ ಸೇರಿಸಿದ ದಿನವೇ ಮನೆಯವರಿಗೆ ಗೊತ್ತಾಯಿತು. ಇದು ನಮ್ಮ ಒಂದು ತರಗತಿಯ ಲೆಕ್ಕ. ನೀವೂ ನಿಮ್ಮ ತರಗತಿಯ ಹೆಸರುಗಳನ್ನು ಮನಸ್ಸಿನಲ್ಲೇ ಒಮ್ಮೆ ಕೂಗಿ ನೋಡಿ.

ಇದು ನಮ್ಮೂರಿಗೆ ಮಾತ್ರ ಬಂದದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲ ಮೇಲೆ ನಿಂತಿದ್ದಾರೆ. ವಯಸ್ಕರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ರಕ್ತದೊತ್ತಡ, ಅಂದರೆ ಬಿ.ಪಿ. ಇದೆ. "ಶುಗರು, ಬಿ.ಪಿ. ಎಲ್ಲ ಪೇಟೆಯವರ ಕಾಯಿಲೆ, ನಾವು ಹಳ್ಳಿಯವರು ಗಟ್ಟಿ" ಎಂಬ ಮಾತು ಈಗ ನಡೆಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ನನ್ನ ಕೊಠಡಿಯ ಮುಂದೆ ಸಾಲು ನಿಲ್ಲುವವರಲ್ಲಿ ಹೆಚ್ಚಿನವರು ಹಳ್ಳಿಯವರೇ.

ಹಾಗಾದರೆ ಆಗಿದ್ದೇನು? "ಹಿಂದಿನ ಕಾಲವೇ ಚೆನ್ನಾಗಿತ್ತು" ಎಂದು ನಾನು ಹೇಳುವುದಿಲ್ಲ. ಹಿಂದೆ ಹಸಿವಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಪ್ರಾರ್ಥನೆಗೆ ನಿಂತು ತಲೆಸುತ್ತಿ ಬೀಳುತ್ತಿದ್ದ ಹುಡುಗಿಯರು ನಮ್ಮ ತರಗತಿಯಲ್ಲೇ ಇದ್ದರು. ಸೊಸೈಟಿ ಅಕ್ಕಿ ಮತ್ತು ಶಾಲೆಯ ಬಿಸಿಯೂಟ ಆ ಹಸಿವನ್ನು ಹಿಂದಕ್ಕೆ ತಳ್ಳಿದವು, ಅದು ದೊಡ್ಡ ಉಪಕಾರ. ಆದರೆ ಹೊಟ್ಟೆ ತುಂಬುವುದು ಸುಲಭವಾದ ಹೊತ್ತಿಗೇ ಮೈಗೆ ಕೆಲಸವೂ ಕಡಿಮೆಯಾಯಿತು. ಉಳುಮೆಗೆ ಟ್ರ್ಯಾಕ್ಟರ್ ಬಂತು, ನೀರಿಗೆ ನಲ್ಲಿ ಬಂತು, ರಾಗಿ ಬೀಸಲು ಮಿಲ್ಲು ಬಂತು, ತೋಟಕ್ಕೆ ಹೋಗಲು ಬೈಕು ಬಂತು. ಇವು ಯಾವುವೂ ಬೇಡ ಎನ್ನಲಾಗದು. ಬೀಸುವ ಕಲ್ಲಿನ ಮುಂದೆ ಕೂತ ನಮ್ಮ ಅವ್ವಂದಿರ ಕಷ್ಟ ಬಲ್ಲವರು ಯಾರೂ ಅದನ್ನು ಮತ್ತೆ ಬಯಸುವುದಿಲ್ಲ. ಆದರೆ ಒಂದು ಮಾತು ಗಮನಿಸಿ. ನೇಗಿಲು ಹಿಡಿದು ದಿನವಿಡೀ ಉಳುತ್ತಿದ್ದ ಅಪ್ಪನ ತಟ್ಟೆಯಲ್ಲಿ ಇದ್ದಷ್ಟೇ ದೊಡ್ಡ ಮುದ್ದೆ ಈಗ ಬೈಕಿನಲ್ಲಿ ಓಡಾಡುವ ಮಗನ ತಟ್ಟೆಯಲ್ಲೂ ಇದೆ. ಅದರ ಮೇಲೆ ಅನ್ನವೂ ಇದೆ, ಸಂಜೆಗೆ ಬೇಕರಿಯೂ ಇದೆ.

ಇಲ್ಲಿ ರಾಗಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ನನ್ನ ಕೊಠಡಿಯಲ್ಲಿ ವಾರಕ್ಕೆ ನಾಲ್ಕು ಸಲ ಕೇಳುವ ಮಾತು ಇದು: "ಡಾಕ್ಟ್ರಮ್ಮ, ನೀವು ಹೇಳ್ದಂಗೆ ಅನ್ನ ಬಿಟ್ಟು ಬರೀ ಮುದ್ದೆ ಹಿಡಿದಿವ್ನಿ, ಆದ್ರೂ ಸಕ್ಕರೆ ಇಳೀತಾ ಇಲ್ಲ." ಎಷ್ಟು ಮುದ್ದೆ ಅಂದರೆ, ಹೊತ್ತಿಗೆ ಎರಡು. ರಾಗಿ ಒಳ್ಳೆಯ ಧಾನ್ಯ, ಅದರಲ್ಲಿ ಅನುಮಾನವಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಬಿಳಿ ಅಕ್ಕಿಯಲ್ಲಿ ಅದು ಹತ್ತು ಮಿಲಿಗ್ರಾಂ ಆಸುಪಾಸು. ನಾರಿನಂಶವೂ ರಾಗಿಯಲ್ಲಿ ಹೆಚ್ಚು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ನಮ್ಮ ಹೊಲಗಳಲ್ಲಿ ರಾಗಿಯ ಇಳುವರಿಯೇ ಬದಲಾಯಿತು. ಅಂಥ ಬೆಳೆಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ರಾಗಿಯಲ್ಲೂ ಮುಕ್ಕಾಲು ಪಾಲಿನ ಆಸುಪಾಸು ಪಿಷ್ಟವೇ ಇರುವುದು. ಅದು ಕೂಡ ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಮುದ್ದೆ ಯಾವುದರದು ಎನ್ನುವಷ್ಟೇ ಮುಖ್ಯ, ಅದು ಎಷ್ಟು ದೊಡ್ಡದು, ಅದರ ಜೊತೆಗೆ ಏನಿದೆ ಎನ್ನುವುದು.

ಜೊತೆಗೆ ಏನಿರಬೇಕು? ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂಚನೆಗಳನ್ನು ಹೊಸದಾಗಿ ಹೊರತಂದರು. ಅದರಲ್ಲಿ ಒಬ್ಬ ವಯಸ್ಕರ ಒಂದು ದಿನದ ತಟ್ಟೆಯ ಲೆಕ್ಕ ಕೊಟ್ಟಿದ್ದಾರೆ. ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ ಸುಮಾರು 250 ಗ್ರಾಂ. ಬೇಳೆಕಾಳು 85 ಗ್ರಾಂ. ಸೊಪ್ಪು, ತರಕಾರಿ ಸೇರಿ 400 ಗ್ರಾಂ. ಹಣ್ಣು 100 ಗ್ರಾಂ. ಹಾಲು ಅಥವಾ ಮೊಸರು 300 ಮಿಲಿಲೀಟರ್. ಕಡಲೆಕಾಯಿ, ಎಳ್ಳಿನಂಥ ಎಣ್ಣೆಬೀಜ ಒಂದು ಹಿಡಿ. ಅಡುಗೆಗೆ ಎಣ್ಣೆ ಸುಮಾರು 27 ಗ್ರಾಂ. ಗ್ರಾಂ ಲೆಕ್ಕ ಮರೆತರೂ ಪರವಾಗಿಲ್ಲ, ತಟ್ಟೆ ನೋಡಿ. ಅರ್ಧ ತಟ್ಟೆ ಸೊಪ್ಪು, ತರಕಾರಿ, ಹಣ್ಣು ಇರಬೇಕು. ಉಳಿದರ್ಧದಲ್ಲಿ ಒಂದು ಕಡೆ ಮುದ್ದೆಯೋ ಅನ್ನವೋ ಚಪಾತಿಯೋ, ಇನ್ನೊಂದು ಕಡೆ ಕಾಳು, ಮೊಟ್ಟೆ, ಮೀನು ಅಥವಾ ಮಾಂಸ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಮುಕ್ಕಾಲು ತಟ್ಟೆ ಅನ್ನ, ಅದರ ಮೇಲೆ ತೆಳ್ಳನೆ ಸಾರು, ಅಂಚಿನಲ್ಲಿ ಉಪ್ಪಿನಕಾಯಿ.

ಇದಕ್ಕೆ ಪೇಟೆಯಿಂದ ಏನನ್ನೂ ತರಬೇಕಾಗಿಲ್ಲ. ನಮ್ಮ ಕಡೆಯ ಬಸ್ಸಾರನ್ನೇ ತೆಗೆದುಕೊಳ್ಳಿ. ಸೊಪ್ಪು ಕಾಳು ಒಟ್ಟಿಗೆ ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ. ಬೇಯಿಸಿದ ನೀರಿಗೆ ಇಳಿದ ಸತ್ವವೂ ಹೊರಗೆ ಹೋಗುವುದಿಲ್ಲ. ಒಂದು ಸಣ್ಣ ಮುದ್ದೆ, ದೊಡ್ಡ ಬಟ್ಟಲು ಪಲ್ಯ, ಬಸ್ಸಾರು, ಮಜ್ಜಿಗೆ: ಇದಕ್ಕಿಂತ ಒಳ್ಳೆಯ ತಟ್ಟೆಯನ್ನು ಯಾವ ತಜ್ಞರೂ ಬರೆದುಕೊಡಲಾರರು. ಮಸ್ಸೊಪ್ಪು, ಹುರುಳಿ ಕಟ್ಟು, ಅವರೆಕಾಳು, ಅಲಸಂದೆ ಎಲ್ಲವೂ ಈ ಸಾಲಿಗೇ ಸೇರಿದವು. ಹಿಂದೆ ಕಳೆ ಕೀಳಲು ಹೋದವರು ಮಡಿಲು ತುಂಬ ಅಣ್ಣೆಸೊಪ್ಪು, ಹೊನಗೊನ್ನೆ ಸೊಪ್ಪು ತರುತ್ತಿದ್ದರು. ಈಗ ಬದುವಿಗೂ ಕಳೆನಾಶಕ ಹೊಡೆಯುತ್ತೇವೆ, ಆ ಸೊಪ್ಪು ಸಿಗುವುದಿಲ್ಲ, ಸಿಕ್ಕರೂ ತಿನ್ನಲು ಭಯ. ಹಿತ್ತಿಲಲ್ಲಿ ಒಂದು ನುಗ್ಗೆ ಗಿಡ, ಒಂದು ಪರಂಗಿ, ಬಚ್ಚಲ ನೀರು ಹರಿಯುವಲ್ಲಿ ಒಂದು ಬಾಳೆ, ಎರಡು ಮಡಿ ದಂಟಿನ ಸೊಪ್ಪು ಇಟ್ಟುಕೊಳ್ಳಲು ಎಷ್ಟು ಜಾಗ ಬೇಕು?

ಇನ್ನು ಉಪ್ಪು, ಎಣ್ಣೆ, ಸಕ್ಕರೆ. ಈ ಮೂರನ್ನೂ ಅಳೆಯಲು ತಕ್ಕಡಿ ಬೇಡ, ನಿಮ್ಮ ಮನೆಯ ದಿನಸಿ ಚೀಟಿ ಸಾಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಯಸ್ಕರಿಗೆ ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಬೇಕು, ಅಂದರೆ ಒಂದು ಟೀ ಚಮಚ. ಮನೆಯಲ್ಲಿ ನಾಲ್ಕು ಜನ ದೊಡ್ಡವರಿದ್ದರೆ ದಿನಕ್ಕೆ 20 ಗ್ರಾಂ. ಒಂದು ಕಿಲೋ ಉಪ್ಪಿನ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ತಿಂಗಳೊಳಗೆ ಮುಗಿದರೆ ಕೈ ದೊಡ್ಡದಾಗಿದೆ ಎಂದು ಅರ್ಥ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಅಂಗಡಿಯ ಚಿಪ್ಸು, ಖಾರ ಇವುಗಳ ಉಪ್ಪು ಈ ಲೆಕ್ಕಕ್ಕೆ ಬರುವುದಿಲ್ಲ, ಅವು ಮೇಲುಖರ್ಚು. ಎಣ್ಣೆ ಅದೇ ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ದಾಟಬಾರದು. ಬೋಂಡಾ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನು ಬಿಡಿ.

ಸಕ್ಕರೆ ದಿನಕ್ಕೆ ಒಬ್ಬರಿಗೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು, ಸಕ್ಕರೆ ಕಾಯಿಲೆ ಇರುವವರಿಗೆ ಅಷ್ಟೂ ಬೇಡ. ನಮ್ಮೂರಲ್ಲಿ ಒಂದು ಲೋಟ ಟೀಗೆ ಎರಡು ಚಮಚ ಸಕ್ಕರೆ. ಮನೆಯಲ್ಲಿ ಎರಡು, ಹೋಟೆಲಿನಲ್ಲಿ ಎರಡು, ನೆಂಟರ ಮನೆಯಲ್ಲಿ ಒಂದು ಎಂದು ದಿನಕ್ಕೆ ಐದು ಲೋಟ ಆದರೆ ಹತ್ತು ಚಮಚ. ಅಲ್ಲಿಗೆ 40 ಗ್ರಾಂ ದಾಟಿತು. "ಅದಕ್ಕೇ ನಾವು ಬೆಲ್ಲ ಹಾಕ್ತೀವಿ ಮೇಡಂ" ಎನ್ನುವವರಿದ್ದಾರೆ. ಆಲೆಮನೆಯ ಸೀಮೆಯವಳಾಗಿ ಬೆಲ್ಲದ ಮೇಲೆ ನನಗೂ ಪ್ರೀತಿಯಿದೆ. ಆದರೆ ಬೆಲ್ಲವೂ ಕಬ್ಬಿನ ಸಕ್ಕರೆಯೇ. ಬಣ್ಣ ಕಂದಾದ ಮಾತ್ರಕ್ಕೆ ರಕ್ತಕ್ಕೆ ಮೋಸ ಮಾಡಲಾಗದು. ಬಾಟಲಿಯ ಬಣ್ಣದ ಪಾನೀಯಗಳು ಮನೆಯೊಳಗೆ ಬರುವುದೇ ಬೇಡ. ಇನ್ನೊಂದು ಕೇಳಿಕೆ: ಕಾಯಿಲೆಯವರನ್ನು ನೋಡಲು ಹೋಗುವಾಗ ಬ್ರೆಡ್ಡು ಬಿಸ್ಕತ್ತು ಕಟ್ಟಿಸಿಕೊಂಡು ಹೋಗುವ ಪದ್ಧತಿ ನಿಲ್ಲಲಿ. ನಾಲ್ಕು ಸೀಬೆಹಣ್ಣು ಒಯ್ಯಿರಿ, ಇಲ್ಲವೇ ಬರಿಗೈಲಿ ಹೋಗಿ ಹತ್ತು ನಿಮಿಷ ಕೂತು ಮಾತಾಡಿಸಿ ಬನ್ನಿ.

ಗಂಡಸರು ಈ ಮಾತಿಗೂ ಕಿವಿಗೊಡಬೇಕು. ಕುಡಿತದಲ್ಲಿ "ಇಷ್ಟಾದರೆ ಪರವಾಗಿಲ್ಲ" ಎನ್ನುವ ಅಳತೆ ಇಲ್ಲ. ಬೀಡಿ, ಸಿಗರೇಟು, ಹೊಗೆಸೊಪ್ಪಿನದೂ ಅಷ್ಟೇ. ತಟ್ಟೆ ಎಷ್ಟೇ ಚೆನ್ನಾಗಿದ್ದರೂ ಇವು ಅದನ್ನು ಹಾಳು ಮಾಡುತ್ತವೆ.

ಈಗ ಓಡಾಟಕ್ಕೆ ಬರುತ್ತೇನೆ. 1953ರಲ್ಲಿ ಇಂಗ್ಲೆಂಡಿನ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ಸಿಬ್ಬಂದಿಯನ್ನು ಅಧ್ಯಯನ ಮಾಡಿದರು. ಡ್ರೈವರ್, ಕಂಡಕ್ಟರ್ ಇಬ್ಬರೂ ಅದೇ ಬಸ್ಸಿನವರು, ಅದೇ ಊರಿನವರು. ಆದರೆ ದಿನವಿಡೀ ಕೂತಿರುವ ಡ್ರೈವರುಗಳಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಕಡಿಮೆ ಇತ್ತು. ಮೈ ಆಡುವುದಕ್ಕೂ ಹೃದಯಕ್ಕೂ ಇರುವ ನಂಟನ್ನು ಲೆಕ್ಕ ಹಾಕಿ ತೋರಿಸಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅದೊಂದು.

ಈಗಿನ ಸೂಚನೆ ಸರಳವಾಗಿದೆ. ವಯಸ್ಕರು ವಾರಕ್ಕೆ ಕಡಿಮೆಯೆಂದರೆ 150 ನಿಮಿಷ ಚುರುಕಾಗಿ ನಡೆಯಬೇಕು ಅಥವಾ ಅದಕ್ಕೆ ಸಮನಾದ ಕೆಲಸ ಮಾಡಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. 300 ನಿಮಿಷದವರೆಗೂ ಹೋದರೆ ಇನ್ನೂ ಲಾಭ. ಓಟ, ಕಬಡ್ಡಿಯಂಥ ಏದುಸಿರು ಬಿಡಿಸುವ ಆಟವಾದರೆ 75 ನಿಮಿಷ ಸಾಕು. ಚುರುಕು ಎಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಅದೇ ಅಳತೆ. ಒಂದೇ ಸಲ ಅರ್ಧ ಗಂಟೆ ಸಿಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿದರೂ ಲೆಕ್ಕಕ್ಕೆ ಬರುತ್ತದೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೆ ಊಟದಿಂದ ಏರುವ ಸಕ್ಕರೆ ಅಷ್ಟು ಏರುವುದಿಲ್ಲ. ಉಂಡ ಕೂಡಲೇ ಟಿ.ವಿ. ಮುಂದೆ ಕೂರುವ ಬದಲು ಬೀದಿಯ ಆ ತುದಿಯವರೆಗೆ ಹೋಗಿ ಬನ್ನಿ.

"ಹೊಲದ ಕೆಲಸ ಮಾಡೋರಿಗೆ ವ್ಯಾಯಾಮ ಯಾಕೆ?" ಎಂದು ಕೇಳುತ್ತೀರಿ. ನಾಟಿ, ಕಳೆ, ಕೊಯ್ಲು, ಹೊರೆ ಹೊರುವುದು ಎಲ್ಲವೂ ವ್ಯಾಯಾಮವೇ. ಆ ಕೆಲಸ ವಾರಕ್ಕೆ ಐದು ದಿನ ಇದ್ದರೆ ಬೇರೆ ನಡಿಗೆ ಬೇಡ. ಆದರೆ ವರ್ಷದಲ್ಲಿ ಅಂಥ ವಾರಗಳು ಎಷ್ಟು ಎಂದು ಎಣಿಸಿ. ಮೋಟರ್ ಆನ್ ಮಾಡಿ ಬರುವುದು ಹೊಲದ ಕೆಲಸವಾದರೂ ಮೈಯ ಕೆಲಸವಲ್ಲ.

ನಡಿಗೆಯ ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ಬೇಕು. ಇದಕ್ಕೆ ಜಿಮ್ ಬೇಡ. ನಮ್ಮ ಪಿ.ಟಿ. ಮೇಷ್ಟ್ರು ಹೋಂವರ್ಕ್ ಮಾಡದವರಿಗೆ ಹೊಡೆಸುತ್ತಿದ್ದ ಬಸ್ಕಿ ಇದೆಯಲ್ಲ, ತೊಡೆಯ ಸ್ನಾಯುಗಳಿಗೆ ಅಷ್ಟು ಒಳ್ಳೆಯ ವ್ಯಾಯಾಮ ಇನ್ನೊಂದಿಲ್ಲ. ಮಂಡಿನೋವು ಇರುವವರು ಕುರ್ಚಿಯ ಮೇಲೆ ಕೂತು, ಕೈ ಊರದೆ ಹತ್ತು ಸಲ ಏಳಲಿ. ಅರವತ್ತು ದಾಟಿದವರು ವಾರಕ್ಕೆ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕು. ಗೋಡೆಯ ಪಕ್ಕ ನಿಂತು ಒಂದೊಂದೇ ಕಾಲ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಂತರೂ ಸಾಕು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದ ಅಜ್ಜಿಯರನ್ನು ನೀವೂ ನೋಡಿದ್ದೀರಿ.

ಕೆಲವು ಎಚ್ಚರಿಕೆಗಳು. ನಡೆಯುವಾಗ ಎದೆ ಬಿಗಿದರೆ, ಕೈಗೋ ದವಡೆಗೋ ನೋವು ಹರಿದರೆ, ವಿಪರೀತ ಬೆವರು ಬಂದರೆ ಅಲ್ಲೇ ನಿಲ್ಲಿ, ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತಾ ಕೂರದೆ ಆಸ್ಪತ್ರೆಗೆ ಹೊರಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬರಿಹೊಟ್ಟೆಯಲ್ಲಿ ದೂರ ನಡೆಯಬಾರದು, ಜೇಬಿನಲ್ಲಿ ಒಂದು ಚೂರು ಬೆಲ್ಲ ಇರಲಿ. ಬರಿಗಾಲಲ್ಲಿ ನಡೆಯಬಾರದು. ನಡಿಗೆ ಶುರು ಮಾಡಿದೆ ಎಂದು ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬಾರದು.

ನಿಮ್ಮ ಸ್ಥಿತಿ ಹೇಗಿದೆ ಎಂದು ತಿಳಿಯಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಒಂದು ದಾರದಲ್ಲಿ ನಿಮ್ಮ ಎತ್ತರ ಅಳೆಯಿರಿ, ಅದನ್ನು ಅರ್ಧಕ್ಕೆ ಮಡಚಿ ಹೊಟ್ಟೆಯ ಸುತ್ತ ತನ್ನಿ. ಎರಡು ತುದಿ ಕೂಡದಿದ್ದರೆ ಹೊಟ್ಟೆಯಲ್ಲಿ ಕೊಬ್ಬು ಹೆಚ್ಚಿದೆ ಎಂದು ತಿಳಿಯಿರಿ. ದರ್ಜಿಯ ಟೇಪು ಇದ್ದರೆ, ನಮ್ಮ ಜನರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಎಂಬುದು ಗಡಿ. ಮೂವತ್ತು ದಾಟಿದ ಎಲ್ಲರಿಗೂ ಬಿ.ಪಿ., ಸಕ್ಕರೆ, ಕೆಲವು ಬಗೆಯ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ಹೆಸರು ಬರೆದುಕೊಳ್ಳುವಾಗ "ನಂಗೇನಾಗಿದೆ, ಚೆನ್ನಾಗೇ ಇದೀನಿ" ಎಂದು ಕಳುಹಿಸಬೇಡಿ. ಸಕ್ಕರೆಯಾಗಲಿ ಬಿ.ಪಿ.ಯಾಗಲಿ ಮೊದಲ ವರ್ಷಗಳಲ್ಲಿ ನೋವು ಕೊಡುವುದಿಲ್ಲ. ನೋವು ಬರುವ ಹೊತ್ತಿಗೆ ಮೂತ್ರಪಿಂಡಕ್ಕೋ ಕಣ್ಣಿಗೋ ಹೃದಯಕ್ಕೋ ಏಟು ಬಿದ್ದಿರುತ್ತದೆ.

ಕೊನೆಯದಾಗಿ ಒಂದು ಬೇಡಿಕೆ. 2022ರ ಅಂಕಿಅಂಶ ಆಧರಿಸಿದ ಒಂದು ಅಂತರರಾಷ್ಟ್ರೀಯ ಅಧ್ಯಯನದ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಹೆಂಗಸರು ಯಾಕೆ ಹಿಂದೆ? ಸೋಮಾರಿತನ ಎಂದು ಯಾರೂ ಹೇಳಬೇಡಿ. ನಾನು "ದಿನಾ ನಡೀರಿ" ಎಂದಾಗ ನಮ್ಮೂರಿನ ಒಬ್ಬರು ಅಕ್ಕ ಕೇಳಿದರು: "ಎಲ್ಲಿ ನಡೀಲಿ ಹೇಳವ್ವ? ರಸ್ತೇಲಿ ಲಾರಿ, ಬೀದೀಲಿ ನಾಯಿ, ಜಗಲೀಲಿ ಜನ. ಸುಮ್ನೆ ಹೋಗಿ ಸುಮ್ನೆ ಬಂದ್ರೆ, ಇವಳಿಗೆ ಮನೇಲಿ ಕೆಲ್ಸ ಇಲ್ವಾ ಅಂತಾರೆ." ಆ ಅಕ್ಕನಿಗೆ ಕೊಡಲು ನನ್ನ ಚೀಟಿಯಲ್ಲಿ ಔಷಧಿ ಇಲ್ಲ. ಆದರೆ ನಮ್ಮ ಶಾಲೆಯ ಹತ್ತಿರ ಇದೆ.

ನಮ್ಮ ಮೈದಾನದ ಅಂಚಿನಲ್ಲಿ ಒಂದು ಸುತ್ತು ಹಾಕಿದರೆ ಸುಮಾರು 300 ಮೀಟರ್. ಎಂಟು ಸುತ್ತಿಗೆ ಅರ್ಧ ಗಂಟೆ. ಸುವರ್ಣ ಮಹೋತ್ಸವದ ನೆನಪಿಗೆ ಸಂಘದವರು ಹಣ ಕೂಡಿಸಿದ್ದಾರೆ, ಹೆಬ್ಬಾಗಿಲಿಗೆ ಕಮಾನು ಕಟ್ಟಿಸುವ ಯೋಚನೆ ಇದೆ ಎಂದು ಕೇಳಿದೆ. ಕಮಾನು ಬೇಡ ಎನ್ನುವ ಅಧಿಕಾರ ನನಗಿಲ್ಲ. ಆದರೆ ಮೊದಲು ಮೈದಾನದ ಸುತ್ತ ಮಣ್ಣು ಗಟ್ಟಿ ಮಾಡಿದ ಒಂದು ನಡಿಗೆ ದಾರಿ, ನಾಲ್ಕು ದೀಪದ ಕಂಬ, ಬೇಲಿಯುದ್ದಕ್ಕೂ ಹೊಂಗೆ ಸಸಿ, ಕೂರಲು ನಾಲ್ಕು ಕಲ್ಲುಬೆಂಚು ಆಗಲಿ. ಬೆಳಿಗ್ಗೆ ಐದೂವರೆಯಿಂದ ಏಳು, ಸಂಜೆ ಶಾಲೆ ಬಿಟ್ಟ ಮೇಲೆ ಒಂದೂವರೆ ಗಂಟೆ ಊರಿನವರಿಗೆ ಬಾಗಿಲು ತೆರೆಯಲಿ. ವಾರದಲ್ಲಿ ಮೂರು ಸಂಜೆ ಹೆಂಗಸರಿಗೇ ಮೀಸಲಿರಲಿ. ಬೀಗದ ಕೈ ಯಾರ ಬಳಿ ಇರಬೇಕು, ಮೈದಾನ ಕೊಳಕಾದರೆ ಯಾರು ಹೊಣೆ ಎನ್ನುವುದನ್ನು ಮುಖ್ಯೋಪಾಧ್ಯಾಯರು, ಶಾಲಾಭಿವೃದ್ಧಿ ಸಮಿತಿಯವರು, ಪಂಚಾಯಿತಿಯವರು ಕೂತು ಬರೆದುಕೊಳ್ಳಲಿ. ನನ್ನ ಪಾಲಿನ ಹಣವನ್ನು ನಾನು ಈ ದಾರಿಗೆಂದೇ ಕೊಟ್ಟಿದ್ದೇನೆ. ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ನಾನೇ ಬಂದು ಬಿ.ಪಿ. ನೋಡುತ್ತೇನೆ, ಸಕ್ಕರೆ ಪರೀಕ್ಷೆಯ ಯಂತ್ರವನ್ನೂ ತರುತ್ತೇನೆ.

ಈ ಶಾಲೆ ನಮ್ಮೂರಿನ ಹೆಣ್ಣುಮಕ್ಕಳಿಗೆ ಹತ್ತನೆಯ ತರಗತಿಯವರೆಗೆ ಬಾಗಿಲು ತೆರೆದದ್ದರಿಂದಲೇ ನಾನು ವೈದ್ಯೆಯಾದೆ. ಅದೇ ಬಾಗಿಲು ಈಗ ಅವರ ಅವ್ವಂದಿರಿಗೂ ದಿನಕ್ಕೆ ಅರ್ಧ ಗಂಟೆ ತೆರೆಯಲಿ ಎಂದು ಕೇಳುತ್ತಿದ್ದೇನೆ. ಶಾಲೆಯ ನೂರನೆಯ ವರ್ಷದ ಹಾಜರಿ ಕೂಗುವಾಗ ಇಲ್ಲಿ ಕೂತಿರುವ ಮಕ್ಕಳೆಲ್ಲರೂ "ಇದ್ದೇನೆ" ಎನ್ನುವಂತಾಗಲಿ. ಸಂಘದವರು ಇವತ್ತಿನ ಸಭೆಯಲ್ಲೇ ಈ ವಿಷಯ ಎತ್ತಿಕೊಂಡು ತೀರ್ಮಾನ ಹೇಳಬೇಕೆಂದು ವಿನಂತಿ.